ಹದಿನಾರು ಹೆಂಗಸರು ಕಟ್ಟಿದ ಕಸೂತಿ ಸಂಘ

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇಂಗ್ಲೆಂಡಿನ ಎಂಬ್ರಾಯ್ಡರರ್ಸ್ ಗಿಲ್ಡ್ ಕತೆ. 1906ರಲ್ಲಿ 16 ಜನ ಹೆಂಗಸರು ಸೇರಿ ಕಟ್ಟಿದ ಸಂಘ ಅದು. ಆದರೆ ಆ 16 ಜನ ಎಲ್ಲಿಂದ ಬಂದರು ಅಂತ ತಿಳಿಯದೆ ಸಂಘದ ಕತೆ ಅರ್ಥವಾಗುವುದಿಲ್ಲ. ಹಾಗಾಗಿ ಇನ್ನೂ ಮೂವತ್ತು ಚಿಲ್ಲರೆ ವರ್ಷ ಹಿಂದಕ್ಕೆ ಹೋಗೋಣ. ಕೇಳುತ್ತಾ ಹೋಗುವಾಗ ಎರಡು ಪ್ರಶ್ನೆ ನಿಮ್ಮ ಮನಸ್ಸಿನಲ್ಲಿರಲಿ. ಹೊಲಿದವಳಿಗೆ ಸಂಬಳ ಸಿಕ್ಕಿತಾ? ಹೊಲಿದವಳ ಹೆಸರು ಉಳಿಯಿತಾ?

1872ರ ಲಂಡನ್. ಒಳ್ಳೆ ಮನೆತನದ, ಓದು ಬರಹ ಬಲ್ಲ ಒಬ್ಬ ಹೆಣ್ಣುಮಗಳು. ಅಪ್ಪ ತೀರಿಹೋಗಿದ್ದಾರೆ, ಇಲ್ಲವೇ ವ್ಯಾಪಾರದಲ್ಲಿ ಎಲ್ಲ ಕಳೆದುಕೊಂಡಿದ್ದಾರೆ. ಮದುವೆ ಆಗಿಲ್ಲ. ಅವಳು ಹೊಟ್ಟೆಪಾಡಿಗೆ ಏನು ಮಾಡಬೇಕು? ಕಾರ್ಖಾನೆಗೆ ಹೋದರೆ ಮನೆತನದ ಮರ್ಯಾದೆ ಹೋಯಿತು ಅನ್ನುತ್ತಾರೆ. ಅಂಗಡಿಯಲ್ಲಿ ನಿಂತರೂ ಅದೇ ಮಾತು. ಉಳ್ಳವರ ಮನೆಯಲ್ಲಿದ್ದು ಅವರ ಮಕ್ಕಳಿಗೆ ಪಾಠ ಹೇಳುವ ಗವರ್ನೆಸ್ ಕೆಲಸ ಒಂದಿತ್ತು. ಅದಕ್ಕೂ ನೂಕುನುಗ್ಗಲು, ಸಂಬಳವೂ ಅಷ್ಟಕ್ಕಷ್ಟೇ. ಇನ್ನೊಂದು ಮಾತು. ಮದುವೆಯಾದ ಹೆಂಗಸಿನ ದುಡಿಮೆಯ ಹಣ ಅವಳದ್ದೇ ಅಂತ ಇಂಗ್ಲೆಂಡಿನಲ್ಲಿ ಕಾನೂನು ಬಂದದ್ದು 1870ರಲ್ಲಿ. ಅದಕ್ಕೆ ಮೊದಲು ಅವಳು ಎಷ್ಟೇ ದುಡಿದರೂ ಕಾನೂನಿನ ಲೆಕ್ಕದಲ್ಲಿ ಅದು ಗಂಡನ ದುಡ್ಡು. ಅಂದರೆ ನಾನು ಹೇಳುತ್ತಿರುವ ಕಾಲಕ್ಕೆ ಮದುವೆಯಾದ ಹೆಂಗಸಿಗೆ ತನ್ನದೇ ಸಂಬಳ ಅನ್ನುವುದೇ ಎರಡು ವರ್ಷದ ಕೂಸು.

ಆಗ ಲೇಡಿ ವಿಕ್ಟೋರಿಯಾ ವೆಲ್ಬಿ ಅನ್ನುವವರು ಮುಂದೆ ಬಂದರು. ಸ್ಲೋನ್ ಸ್ಟ್ರೀಟಿನ ಒಂದು ಟೋಪಿ ಅಂಗಡಿಯ ಮೇಲಿನ ಸಣ್ಣ ಕೋಣೆಯಲ್ಲಿ 20 ಜನ ಹೆಂಗಸರೊಂದಿಗೆ ‘ಸ್ಕೂಲ್ ಆಫ್ ಆರ್ಟ್ ನೀಡಲ್‌ವರ್ಕ್’ ಶುರುವಾಯಿತು. ಶಾಲೆ ಅಂದರೂ ಅದು ಆರ್ಡರ್ ಹಿಡಿದು ಕೆಲಸ ಮಾಡಿಕೊಡುವ ಜಾಗವೂ ಹೌದು. ಕಲಿತವರಿಗೆ ಅಲ್ಲೇ ಕೆಲಸ, ಕೆಲಸಕ್ಕೆ ಸಂಬಳ. ವಿಕ್ಟೋರಿಯಾ ರಾಣಿಯ ಮಗಳು ಹೆಲೆನಾ ಮೊದಲ ಅಧ್ಯಕ್ಷೆ. 1875ರಲ್ಲಿ ರಾಣಿಯೇ ಪೋಷಕಿಯಾದ ಮೇಲೆ ಹೆಸರಿನ ಮುಂದೆ ‘ರಾಯಲ್’ ಸೇರಿತು, ಶಾಲೆ ಎಕ್ಸಿಬಿಷನ್ ರೋಡಿಗೆ ಹೋಯಿತು.

ವೆಲ್ಬಿ ಬಗ್ಗೆ ಸ್ವಲ್ಪ ಹೇಳಲೇಬೇಕು, ವಿಷಯ ಬಿಟ್ಟು ಆಚೆ ಹೋದರೂ ಪರವಾಗಿಲ್ಲ. ಈಕೆ ಶಾಲೆಗೆ ಹೋಗಿ ಕಲಿತವರಲ್ಲ. ಚಿಕ್ಕಂದಿನಲ್ಲಿ ತಾಯಿಯ ಜೊತೆ ದೇಶ ದೇಶ ಸುತ್ತಿದವರು. 1855ರಲ್ಲಿ ಸಿರಿಯಾ ಕಡೆಯ ಪ್ರಯಾಣದಲ್ಲಿ ತಾಯಿ ದಾರಿಯಲ್ಲೇ ತೀರಿಕೊಂಡರು. ಮಗಳಿಗಿನ್ನೂ 18 ವರ್ಷ. ಮುಂದೆ ಈ ವೆಲ್ಬಿ ಭಾಷೆ, ಅರ್ಥ, ಸಂಕೇತಗಳ ಬಗ್ಗೆ ಗಂಭೀರವಾಗಿ ಬರೆದರು. ಅಮೆರಿಕದ ತತ್ವಜ್ಞಾನಿ ಚಾರ್ಲ್ಸ್ ಪರ್ಸ್ ಜೊತೆ ವರ್ಷಗಟ್ಟಲೆ ಪತ್ರ ಬರೆದುಕೊಂಡು ವಾದ ಮಾಡಿದರು. ತತ್ವಶಾಸ್ತ್ರ ಓದುವವರಿಗೆ ಈಕೆ ಸೂಜಿ ಶಾಲೆ ಕಟ್ಟಿದ್ದು ಗೊತ್ತಿರುವುದಿಲ್ಲ. ಎಂಬ್ರಾಯ್ಡರಿ ಮಾಡುವವರಿಗೆ ಈಕೆ ತತ್ವಶಾಸ್ತ್ರ ಬರೆದದ್ದು ಗೊತ್ತಿರುವುದಿಲ್ಲ. ಎರಡೂ ಕೆಲಸ ಒಂದೇ ತಲೆಯಿಂದ ಬಂದದ್ದು ನನಗೆ ತುಂಬಾ ಇಷ್ಟ.

ಶಾಲೆಗೆ ಇನ್ನೊಂದು ಹಟವೂ ಇತ್ತು. ಆಗ ಮನೆ ಮನೆಯಲ್ಲೂ ಬರ್ಲಿನ್ ಉಲ್ಲನ್ ಕೆಲಸ. ಚೌಕುಳಿ ಕಾಗದದ ಮೇಲೆ ಬಣ್ಣ ತುಂಬಿದ ನಕ್ಷೆ ಅಂಗಡಿಯಲ್ಲಿ ಸಿಗುತ್ತಿತ್ತು. ನಕ್ಷೆಯ ಚೌಕ ಎಣಿಸಿಕೊಂಡು ಕ್ಯಾನ್ವಾಸ್ ಮೇಲೆ ಹಾಕುತ್ತಾ ಹೋದರಾಯಿತು. 1856ರಲ್ಲಿ ಪರ್ಕಿನ್ ಅನ್ನುವ ರಸಾಯನ ವಿಜ್ಞಾನಿ ರಾಸಾಯನಿಕ ನೇರಳೆ ಬಣ್ಣ ಕಂಡುಹಿಡಿದ ಮೇಲಂತೂ ಕಣ್ಣು ಕುಕ್ಕುವ ಬಣ್ಣಗಳದ್ದೇ ರಾಜ್ಯ. ಎಷ್ಟೋ ಹೆಂಗಸರಿಗೆ ಆ ನಕ್ಷೆಗಳು ಸಂತೋಷ ಕೊಟ್ಟಿವೆ, ಅದನ್ನು ಹೀಯಾಳಿಸುವುದು ನನಗೆ ಹಿಡಿಸುವುದಿಲ್ಲ. ಆದರೆ ಆ ಭರಾಟೆಯಲ್ಲಿ ಹಳೆಯ ಹೊಲಿಗೆಗಳು ಮರೆತೇ ಹೋಗುತ್ತಿದ್ದವು. ರೇಷ್ಮೆ ಎಳೆಯಲ್ಲಿ ಒಂದು ಎಸಳನ್ನು ಗಾಢ ಬಣ್ಣದಿಂದ ತಿಳಿ ಬಣ್ಣಕ್ಕೆ ಗೊತ್ತೇ ಆಗದ ಹಾಗೆ ತರುವ ಕೆಲಸ ಬಲ್ಲವರು ಕಡಿಮೆಯಾಗಿದ್ದರು. ಶಾಲೆಯವರು 17ನೇ ಶತಮಾನದ ಹಳೆಯ ಪರದೆ, ಹಾಸಿಗೆ ಹೊದಿಕೆಗಳನ್ನು ಹುಡುಕಿ, ನೋಡಿ, ಅವುಗಳ ಹೊಲಿಗೆಯನ್ನು ಮತ್ತೆ ಕಲಿತರು. ವಿನ್ಯಾಸಕ್ಕೆ ವಿಲಿಯಂ ಮಾರಿಸ್, ಬರ್ನ್-ಜೋನ್ಸ್, ವಾಲ್ಟರ್ ಕ್ರೇನ್ ಅವರಂಥ ಹೆಸರಾಂತ ಕಲಾವಿದರು ಸಿಕ್ಕರು.

ನನ್ನ ಎರಡನೇ ಪ್ರಶ್ನೆ ಬರುವುದು ಇಲ್ಲೇ. ಇವತ್ತು ಮ್ಯೂಸಿಯಂನಲ್ಲಿ ಅಂಥ ಒಂದು ಪರದೆ ನೋಡಿದರೆ ಚೀಟಿಯಲ್ಲಿ ವಿನ್ಯಾಸ ಮಾಡಿದವರ ಹೆಸರು ದೊಡ್ಡದಾಗಿರುತ್ತದೆ. ಹೊಲಿದವರ ಜಾಗದಲ್ಲಿ ಬಹಳ ಸಲ ಶಾಲೆಯ ಹೆಸರು ಮಾತ್ರ. ಪೆನ್ಸಿಲ್ಲಿನಲ್ಲಿ ಬರೆದ ಗೆರೆಗೆ ಯಾವ ಹೊಲಿಗೆ, ಎಷ್ಟು ಎಳೆ, ಯಾವ ಬಣ್ಣದ ಪಕ್ಕ ಯಾವ ಬಣ್ಣ ಅಂತ ತೀರ್ಮಾನ ಮಾಡುವುದು ಸೂಜಿ ಹಿಡಿದವಳು. ಅದು ಬರೀ ಕೈಕೆಲಸ ಅಲ್ಲ ಅಂತ ಇಲ್ಲಿ ಕೂತಿರುವ ನಿಮಗೆ ನಾನು ಹೇಳಬೇಕಾಗಿಲ್ಲ, ಅಲ್ವಾ?

1876ರಲ್ಲಿ ಶಾಲೆಯ ಕೆಲಸ ಅಮೆರಿಕದ ಫಿಲಡೆಲ್ಫಿಯಾದ ದೊಡ್ಡ ಪ್ರದರ್ಶನಕ್ಕೆ ಹೋಯಿತು. ಅದನ್ನು ನೋಡಿದವರಲ್ಲಿ ಕ್ಯಾಂಡೇಸ್ ವೀಲರ್ ಅನ್ನುವ ಅಮೆರಿಕದ ಹೆಂಗಸೂ ಒಬ್ಬರು. ಹೊಲಿಗೆಗಿಂತ ಜಾಸ್ತಿ ಅವರ ಮನಸ್ಸಿಗೆ ನಾಟಿದ್ದು ಹೆಂಗಸರು ಮರ್ಯಾದೆಯಿಂದ ದುಡಿಯಬಹುದು ಅನ್ನುವುದು. ಅಮೆರಿಕದ ಅಂತರ್ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡು ದಿಕ್ಕಿಲ್ಲದೆ ಉಳಿದ ಹೆಂಗಸರು ಅವರ ಕಣ್ಣ ಮುಂದಿದ್ದರು. ಮರುವರ್ಷವೇ, ಅಂದರೆ 1877ರಲ್ಲಿ, ನ್ಯೂಯಾರ್ಕಿನಲ್ಲಿ ಅವರದ್ದೂ ಒಂದು ಸಂಘ ಶುರುವಾಯಿತು.

ಲಂಡನ್ ಬಿಟ್ಟು ಇಂಗ್ಲೆಂಡಿನದೇ ಒಂದು ಸಣ್ಣ ಊರಿಗೂ ಹೋಗಿಬರೋಣ. ಊರಿನ ಹೆಸರು ಲೀಕ್. ರೇಷ್ಮೆ ದಾರದ ಊರು. ಅಲ್ಲಿ ಥಾಮಸ್ ವಾರ್ಡಲ್ ಅನ್ನುವ ಬಣ್ಣಗಾರ ಇದ್ದರು. ನಮ್ಮ ದೇಶದ ಕಾಡುರೇಷ್ಮೆ, ಅದೇ ಟಸರ್, ಅದಕ್ಕೆ ಬಣ್ಣ ಹಿಡಿಸುವುದು ಕಷ್ಟ ಅಂತ ಯುರೋಪಿನವರು ಕೈಬಿಟ್ಟಿದ್ದರು. ಅದಕ್ಕೆ ಬಣ್ಣ ಹಿಡಿಸುವ ದಾರಿ ಕಂಡುಕೊಂಡವರು ಇವರು. 1885ರ ಹೊತ್ತಿಗೆ ಭಾರತಕ್ಕೂ ಬಂದು ಹೋದರು. ಅವರ ಹೆಂಡತಿ ಎಲಿಜಬೆತ್ 1879ರಲ್ಲಿ ಊರಿನ ಹೆಂಗಸರನ್ನು ಸೇರಿಸಿ ಲೀಕ್ ಎಂಬ್ರಾಯ್ಡರಿ ಸೊಸೈಟಿ ಕಟ್ಟಿದರು. ನಮ್ಮ ಟಸರ್ ಎಳೆ ಆ ಹೆಂಗಸರ ಸೂಜಿಗೆ ಹೋಯಿತು.

ಈ ಸೊಸೈಟಿ ಕೈ ಹಾಕಿದ ಒಂದು ಕೆಲಸ ಕೇಳಿ. ಫ್ರಾನ್ಸಿನ ಬೇಯೂ ಅನ್ನುವ ಊರಿನಲ್ಲಿ ಸುಮಾರು 70 ಮೀಟರ್ ಉದ್ದದ ಒಂದು ಬಟ್ಟೆ ಇದೆ. 1066ರ ಯುದ್ಧದ ಕತೆಯನ್ನು ನಾರುಬಟ್ಟೆಯ ಮೇಲೆ ಉಣ್ಣೆ ಎಳೆಯಲ್ಲಿ ಹೊಲಿದದ್ದು. ಎಲಿಜಬೆತ್ ಮತ್ತು 35 ಹೆಂಗಸರು ಅದರ ಅಷ್ಟೇ ಉದ್ದದ ಪ್ರತಿಯನ್ನು 1885-86ರಲ್ಲಿ, ವರ್ಷಕ್ಕಿಂತ ಸ್ವಲ್ಪ ಹೆಚ್ಚು ಸಮಯದಲ್ಲಿ ಹೊಲಿದು ಮುಗಿಸಿದರು. ಉಣ್ಣೆಗೆ ಬಣ್ಣ ಹಾಕಿಕೊಟ್ಟವರು ಥಾಮಸ್. ಈಗ ಅದು ರೆಡಿಂಗ್ ಊರಿನ ಮ್ಯೂಸಿಯಂನಲ್ಲಿದೆ. ಚಿತ್ರದ ಅಂಚಿನ ಕೆಳಗೆ ನೋಡಿ. ಯಾವ ಭಾಗ ಯಾರು ಹೊಲಿದರೋ ಅವರ ಹೆಸರನ್ನು ಅಲ್ಲೇ ಹೊಲಿದಿದ್ದಾರೆ. ಒಂಬೈನೂರು ವರ್ಷ ಹಳೆಯ ಮೂಲ ಬಟ್ಟೆ ಯಾರ ಕೈಕೆಲಸ ಅಂತ ಯಾರಿಗೂ ಗೊತ್ತಿಲ್ಲ. ಪ್ರತಿ ಮಾಡಿದವರ ಹೆಸರು ಮಾತ್ರ ಎಳೆ ಎಳೆಯಾಗಿ ಕಾಣುತ್ತದೆ. ಈ ಇಡೀ ಕತೆಯಲ್ಲಿ ನನಗೆ ಅತಿ ಪ್ರೀತಿಯ ಹೆಂಗಸರು ಈ ಲೀಕ್‌ನವರು.

ಈಗ 1906ಕ್ಕೆ ಬರೋಣ. ರಾಯಲ್ ಶಾಲೆಯಲ್ಲಿ ತರಬೇತಿ ಮುಗಿಸಿ ಹೊರಗೆ ಬಂದವರು ಒಬ್ಬೊಬ್ಬರೇ ದುಡಿಯುತ್ತಿದ್ದರು. ಕೆಲವರು ಕಲಿಸುತ್ತಿದ್ದರು, ಕೆಲವರು ಆರ್ಡರ್ ಹಿಡಿಯುತ್ತಿದ್ದರು. ಮೂರು ತಿಂಗಳು ಹವ್ಯಾಸಕ್ಕೆ ಕಲಿತವರೂ ವರ್ಷಗಟ್ಟಲೆ ಕೂತು ಕಲಿತವರೂ ಗಿರಾಕಿಯ ಕಣ್ಣಿಗೆ ಒಂದೇ. ಇಂಥ 16 ಜನ ಸೇರಿ ‘ಸೊಸೈಟಿ ಆಫ್ ಸರ್ಟಿಫಿಕೇಟೆಡ್ ಎಂಬ್ರಾಯ್ಡರೆಸಸ್’ ಕಟ್ಟಿದರು. ನಾವು ಕಲಿತವರು, ನಮ್ಮ ಹತ್ತಿರ ಸರ್ಟಿಫಿಕೇಟ್ ಇದೆ, ನಮ್ಮ ಕೆಲಸಕ್ಕೆ ಒಂದು ಮಟ್ಟ ಇದೆ ಅಂತ ಒಟ್ಟಾಗಿ ಹೇಳುವುದು ಅದರ ಗುರಿ.

ಇಂಗ್ಲೆಂಡಿನಲ್ಲಿ ಕಸೂತಿಯವರ ಸಂಘ ಅನ್ನುವುದು ಹೊಸದೇನಲ್ಲ. 13ನೇ ಶತಮಾನದಲ್ಲಿ ಇಂಗ್ಲಿಷ್ ಕಸೂತಿಗೆ ಯುರೋಪಿನಲ್ಲೆಲ್ಲ ಬೇಡಿಕೆ. 1295ರಲ್ಲಿ ವ್ಯಾಟಿಕನ್ನಿನವರು ಮಾಡಿದ ದಾಸ್ತಾನು ಪಟ್ಟಿಯಲ್ಲಿ ಬೇರೆ ಯಾವ ದೇಶದ ಕೆಲಸಕ್ಕಿಂತಲೂ ಇಂಗ್ಲೆಂಡಿನದ್ದೇ ಜಾಸ್ತಿ. ಲಂಡನ್ನಿನ ಬ್ರಾಡರರ್ಸ್ ಕಂಪನಿಗೆ ಮೊದಲನೇ ಎಲಿಜಬೆತ್ ರಾಣಿ 1561ರಲ್ಲಿ ಸನ್ನದು ಕೊಟ್ಟಿದ್ದರು. ಆದರೆ ಅಂಥ ಸಂಘಗಳ ಯಜಮಾನಿಕೆ ಗಂಡಸರದ್ದು. 1906ರ ಸಂಘವನ್ನು ಕಟ್ಟಿ ನಡೆಸಿದವರು ಸೂಜಿ ಹಿಡಿದ ಹೆಂಗಸರೇ. ಮರುವರ್ಷ 1907ರಲ್ಲಿ ಇನ್ನೊಂದು ನಡೆಯಿತು. 1884ರಿಂದ ಇದ್ದ ಆರ್ಟ್ ವರ್ಕರ್ಸ್ ಗಿಲ್ಡ್ ಅನ್ನುವ ಕಲಾವಿದರ ಸಂಘ ಹೆಂಗಸರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ವಿಲಿಯಂ ಮಾರಿಸ್ ಮಗಳು ಮೇ ಮಾರಿಸ್, ತನ್ನ 23ನೇ ವಯಸ್ಸಿಗೇ ಅಪ್ಪನ ಕಂಪನಿಯ ಎಂಬ್ರಾಯ್ಡರಿ ವಿಭಾಗ ನಡೆಸಿದಾಕೆ, ಗೆಳತಿಯರ ಜೊತೆ ಸೇರಿ ವಿಮೆನ್ಸ್ ಗಿಲ್ಡ್ ಆಫ್ ಆರ್ಟ್ಸ್ ಕಟ್ಟಿದರು. ಗಂಡಸರ ಆ ಸಂಘದ ಬಾಗಿಲು ಹೆಂಗಸರಿಗೆ ತೆರೆದದ್ದು 1960ರ ದಶಕದಲ್ಲಿ!

ಮೊದಲ ಮಹಾಯುದ್ಧ ಬಂತು, ಸೂಜಿ ಗಂಡಸರ ಕೈಗೂ ಹೋಯಿತು. ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ ಸೈನಿಕರಿಗೆ ಕಸೂತಿ ಕಲಿಸಿದರು. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ ಅನ್ನುವ ದೊಡ್ಡ ಚರ್ಚಿನಲ್ಲಿ ಪೂಜಾಪೀಠದ ಒಂದು ಹೊದಿಕೆ ಇದೆ. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ, ದಕ್ಷಿಣ ಆಫ್ರಿಕಾದ ಗಾಯಾಳು ಸೈನಿಕರು, 130ಕ್ಕೂ ಹೆಚ್ಚು ಜನ, ಬೇರೆ ಬೇರೆ ಆಸ್ಪತ್ರೆಗಳಲ್ಲಿ ತುಂಡು ತುಂಡಾಗಿ ಹೊಲಿದದ್ದು. 1919ರ ಜುಲೈನಲ್ಲಿ ಶಾಂತಿಗಾಗಿ ಕೃತಜ್ಞತೆ ಹೇಳುವ ಪ್ರಾರ್ಥನೆಯ ದಿನ ಅದನ್ನು ಹಾಸಿದರು. ಅರ್ನೆಸ್ಟ್ ಥೆಸಿಜರ್ ಅಂತ ಒಬ್ಬ ನಟ ಇದ್ದರು. ಯುದ್ಧದಲ್ಲಿ ಕೈಗಳಿಗೆ ಏಟು ಬಿದ್ದಿತ್ತು. ಕಸೂತಿ ಮಾಡುತ್ತಾ ಮಾಡುತ್ತಾ ತನ್ನ ಬೆರಳು ಪಳಗಿದ್ದನ್ನು ನೋಡಿ, ಅಂಗವಿಕಲ ಸೈನಿಕರಿಗೂ ಈ ಕೆಲಸ ಕಲಿಸಿ ಸಂಪಾದನೆಗೆ ದಾರಿ ಮಾಡಬೇಕು ಅಂತ ಹಟ ಹಿಡಿದು ಒಂದು ಸಂಸ್ಥೆಯನ್ನೇ ನಿಲ್ಲಿಸಿದರು. ನಮ್ಮ ಇತಿಹಾಸದ ಪಾಠದಲ್ಲಿ ಮಾಂಟೇಗು-ಚೆಲ್ಮ್ಸ್‌ಫರ್ಡ್ ಸುಧಾರಣೆ ಓದಿದ್ದೀರಲ್ಲ, ಆ ವೈಸ್‌ರಾಯ್ ಚೆಲ್ಮ್ಸ್‌ಫರ್ಡ್ ಈ ಥೆಸಿಜರ್‌ಗೆ ದೊಡ್ಡಪ್ಪನ ಮಗ.

ಅದೇ ಹೊತ್ತಿಗೆ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಊರಿನಲ್ಲಿ ಲೂಯಿಸಾ ಪೆಸೆಲ್ ಅನ್ನುವವರು ಖಾಕಿ ಹ್ಯಾಂಡಿಕ್ರಾಫ್ಟ್ಸ್ ಕ್ಲಬ್ ನಡೆಸುತ್ತಿದ್ದರು. ಬಾಂಬಿನ ಆಘಾತದಿಂದ ಕೈ ನಡುಗುತ್ತಿದ್ದ, ನಿದ್ದೆ ಬಾರದ ಸೈನಿಕರಿಗೆ ಲೆಕ್ಕ ಹಿಡಿದು ಹಾಕುವ ಹೊಲಿಗೆ ಕಲಿಸಿದರು. ಪೆಸೆಲ್ ಸಾಮಾನ್ಯರಲ್ಲ. ಅದಕ್ಕೆ ಮೊದಲು ಅಥೆನ್ಸಿನಲ್ಲಿ ಗ್ರೀಸ್ ದೇಶದ ಕಸೂತಿ ಮತ್ತು ಲೇಸ್ ಶಾಲೆಯನ್ನು ನಡೆಸಿದ್ದವರು. ಹಳೆಯ ಬಟ್ಟೆಯನ್ನು ಭೂತಗನ್ನಡಿ ಹಿಡಿದು ನೋಡಿ, ಎಳೆ ಎಲ್ಲಿ ಹೊಕ್ಕು ಎಲ್ಲಿ ಎದ್ದಿದೆ ಅಂತ ಬಿಡಿಸಿ, ಅದೇ ಹೊಲಿಗೆಯ ಮಾದರಿ ಮಾಡಿ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂಗೆ ಕೊಟ್ಟವರು. 1920ರಲ್ಲಿ 1906ರ ಸೊಸೈಟಿ ತನ್ನ ಹೆಸರನ್ನು ಎಂಬ್ರಾಯ್ಡರರ್ಸ್ ಗಿಲ್ಡ್ ಅಂತ ಬದಲಿಸಿಕೊಂಡಾಗ ಮೊದಲ ಅಧ್ಯಕ್ಷೆ ಆದದ್ದು ಇವರೇ.

ಪೆಸೆಲ್‌ಗೆ ತುಂಬಾ ಇಷ್ಟವಾಗಿದ್ದ ಒಂದು ಹೊಲಿಗೆ ಇದೆ. ಹೋಗುವಾಗ ಒಂದು ಬಿಟ್ಟು ಒಂದು ಹಾಕಿಕೊಂಡು ಹೋಗುವುದು, ಬರುವಾಗ ಬಿಟ್ಟ ಜಾಗ ತುಂಬಿಕೊಂಡು ಬರುವುದು. ಗಂಟು ಕಾಣುವುದಿಲ್ಲ, ಎರಡೂ ಕಡೆ ಒಂದೇ ಥರ. ನಿಮ್ಮ ಮುಖದಲ್ಲಿ ನಗು ಕಾಣುತ್ತಿದೆ. ಹೌದು, ನಮ್ಮ ಕಸೂತಿಯ ಗವಂತಿ ಹೊಲಿಗೆಯೇ! ಧಾರವಾಡ, ಹುಬ್ಬಳ್ಳಿ ಕಡೆ ಚಂದ್ರಕಾಳಿ ಸೀರೆಯ ಮೇಲೆ ಹಾಕುವ ಗೋಪುರ, ತೇರು, ಆನೆ ಎಲ್ಲ ಈ ಲೆಕ್ಕದಲ್ಲೇ ಏಳುತ್ತವೆ. ಇಂಗ್ಲೆಂಡಿನಲ್ಲಿ ಇದನ್ನು ನೋಡಬೇಕಾದರೆ 16ನೇ ಶತಮಾನದ ಚಿತ್ರಕಾರ ಹೋಲ್ಬೈನ್ ಬರೆದ ಜೇನ್ ಸೀಮೋರ್ ರಾಣಿಯ ಚಿತ್ರ ನೋಡಿ. ಅಂಗಿಯ ಕೈಯಂಚು ಸ್ವಲ್ಪ ಮಡಚಿಕೊಂಡಿದೆ, ಒಳಗೂ ಹೊರಗೂ ಒಂದೇ ಕಪ್ಪು ನಕ್ಷೆ. ಹೊಲಿಗೆಗೆ ಅಲ್ಲಿ ಆ ಚಿತ್ರಕಾರನ ಹೆಸರೇ ನಿಂತಿತು. ಕೈಯಂಚು ಹೊಲಿದವಳು ಯಾರೋ.

1930ರ ದಶಕದಲ್ಲಿ ಪೆಸೆಲ್ ವಿಂಚೆಸ್ಟರ್ ಕೆಥೆಡ್ರಲ್ ಕೆಲಸ ಕೈಗೆತ್ತಿಕೊಂಡರು. ಪ್ರಾರ್ಥನೆಗೆ ಮಂಡಿ ಊರುವಾಗ ಇಟ್ಟುಕೊಳ್ಳುವ ನೂರಾರು ದಿಂಬುಗಳು, ಪೀಠದ ಮೆತ್ತೆಗಳು. ಹೊಲಿದವರು ಊರಿನ ಸಾಮಾನ್ಯ ಹೆಂಗಸರು. ಕೆಥೆಡ್ರಲ್‌ನ ಇತಿಹಾಸದ ಚಿತ್ರಗಳನ್ನು ಸಿಬಿಲ್ ಬ್ಲಂಟ್ ಬರೆದುಕೊಟ್ಟರು, ಹೊಲಿಗೆಯ ಲೆಕ್ಕವನ್ನು ಪೆಸೆಲ್ ಕೂರಿಸಿದರು. 1936ರ ಹೊತ್ತಿಗೆ ಕೆಲಸ ಮುಗಿಯಿತು. ಅದನ್ನು ನೋಡಿ ಎಷ್ಟೋ ಊರಿನ ಚರ್ಚುಗಳು ತಾವೂ ಹೊಲಿಯೋಣ ಅಂತ ಹೊರಟವು. ಆದರೆ ಇಲ್ಲಿ ಸಂಬಳ ಇರಲಿಲ್ಲ, ಸೇವೆ. 16 ಜನ ವೃತ್ತಿಯವರ ಸಂಘ ಹವ್ಯಾಸದವರನ್ನೂ ಸೇರಿಸಿಕೊಂಡು ದೊಡ್ಡದಾಯಿತು. ಊರೂರಲ್ಲಿ ಶಾಖೆ, 1932ರಿಂದ ಒಂದು ಪತ್ರಿಕೆ, ಹಳೆಯ ಬಟ್ಟೆಗಳ ಸಂಗ್ರಹ. ಹಾಗೆ ದೊಡ್ಡದಾಗಿದ್ದರಿಂದಲೇ ಹೊಲಿಗೆಗಳು ಉಳಿದವು, ಅದು ನಿಜ. ಆದರೂ ಹೊಲಿದು ಬದುಕುವವಳ ಮಾತು ಆ ಗುಂಪಿನಲ್ಲಿ ಸಣ್ಣದಾಯಿತು ಅಂತಲೇ ನನ್ನ ಅಭಿಪ್ರಾಯ.

ಹೊಲಿದು ಬದುಕುವವರ ಕೆಲಸ ನೋಡಬೇಕಾದರೆ 1953ಕ್ಕೆ ಬನ್ನಿ. ಎರಡನೇ ಎಲಿಜಬೆತ್ ಪಟ್ಟಾಭಿಷೇಕದ ನೇರಳೆ ವೆಲ್ವೆಟ್ ನಿಲುವಂಗಿ. ರಾಯಲ್ ಶಾಲೆಯ 12 ಹೆಂಗಸರು, 18 ಬಗೆಯ ಚಿನ್ನದ ಎಳೆ, 3,500 ಗಂಟೆಗೂ ಮೀರಿದ ಕೆಲಸ. ಅಂಚಿನಲ್ಲಿ ಗೋಧಿ ತೆನೆ, ಆಲಿವ್ ಕೊಂಬೆ. ಚಿನ್ನದ ಎಳೆಯನ್ನು ಸೂಜಿಗೆ ಪೋಣಿಸಿ ಬಟ್ಟೆಯಲ್ಲಿ ಎಳೆಯುವಂತಿಲ್ಲ. ಎಳೆದರೆ ಒಳಗಿನ ತಿರುಳಿನ ಮೇಲೆ ಸುತ್ತಿದ ಲೋಹದ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಎರಡೆರಡು ಎಳೆ ಜೋಡಿಸಿ ಬಟ್ಟೆಯ ಮೇಲೆ ಮಲಗಿಸಬೇಕು. ಜೇನುಮೇಣ ಸವರಿದ ಸಣ್ಣ ರೇಷ್ಮೆ ದಾರದಿಂದ ಅಡ್ಡಡ್ಡ ಹೊಲಿದು ಕೂರಿಸಬೇಕು. ಈ ಸಾಲಿನ ಹೊಲಿಗೆ ಹಿಂದಿನ ಸಾಲಿನ ಎರಡು ಹೊಲಿಗೆಗಳ ನಡುವೆಯೇ ಬರಬೇಕು, ಇಟ್ಟಿಗೆ ಗೋಡೆ ಕಟ್ಟಿದ ಹಾಗೆ. ಎಳೆಯ ತುದಿಯನ್ನು ಬಟ್ಟೆಯ ಹಿಂದಕ್ಕೆ ಇಳಿಸಿ ಅಲ್ಲಿ ಬಿಗಿ ಮಾಡಬೇಕು. ಸ್ಪ್ರಿಂಗಿನಂತೆ ಸುರುಳಿ ಸುತ್ತಿದ ಟೊಳ್ಳು ತಂತಿಯನ್ನು ಕತ್ತರಿಯಲ್ಲಿ ಸಣ್ಣಗೆ ತುಂಡು ಮಾಡಿ ಮಣಿ ಪೋಣಿಸಿದಂತೆ ಹೊಲಿಯುವುದೂ ಇದೆ. ನಮ್ಮಲ್ಲಿ ಜರ್ದೋಸಿಯವರು ಅದನ್ನು ದಬ್ಕಾ ಅನ್ನುತ್ತಾರೆ. ಕೈ ಬೆವರಿದರೆ ಲೋಹ ಕಪ್ಪಾಗುತ್ತದೆ. ವೆಲ್ವೆಟ್ ಅಂತೂ ಒಂದು ಸಲ ತಪ್ಪಾಗಿ ಚುಚ್ಚಿದರೆ ಗುರುತು ಉಳಿಸಿಕೊಳ್ಳುತ್ತದೆ.

ಆ ವೆಲ್ವೆಟ್ ನೇಯ್ದ ಇಬ್ಬರು ಹೆಂಗಸರ ಹೆಸರು ಗೊತ್ತಿದೆ. ಲಿಲಿ ಲೀ, ಹಿಲ್ಡಾ ಕಾಲ್ವರ್. ಕಸೂತಿ ಮಾಡಿದವರ ಬಗ್ಗೆ ಓದಲು ಹೋದರೆ ಬಹಳ ಕಡೆ ಸಿಗುವುದು 12 ಅನ್ನುವ ಅಂಕಿ.

ಅಮೆರಿಕದ ಕತೆ ಬೇಗ ಹೇಳಿಬಿಡುತ್ತೇನೆ. 1958ರಲ್ಲಿ ಲಂಡನ್ ಗಿಲ್ಡಿನ ಶಾಖೆಯಾಗಿ ಅಲ್ಲಿ ಸಂಘ ಶುರುವಾಯಿತು, 1970ರಲ್ಲಿ ಬೇರೆಯಾಗಿ ಎಂಬ್ರಾಯ್ಡರರ್ಸ್ ಗಿಲ್ಡ್ ಆಫ್ ಅಮೆರಿಕ ಅಂತ ನಿಂತಿತು. ರಾಯಲ್ ಶಾಲೆಯಲ್ಲಿ ಕಲಿತ ಎರಿಕಾ ವಿಲ್ಸನ್ 1954ರಲ್ಲಿ ಅಲ್ಲಿಗೆ ಹೋಗಿ, ಕಲಿಸಿ, ಮುಂದೆ ಟಿವಿಯಲ್ಲೂ ಪಾಠ ಮಾಡಿ ಮನೆಮಾತಾದರು.

ಇತ್ತ ಲಂಡನ್ನಿನಲ್ಲಿ 1968ರಿಂದ ಶಾಲೆಯವರು ಓವರ್‌ಲಾರ್ಡ್ ಎಂಬ್ರಾಯ್ಡರಿಗೆ ಕೂತರು. ಎರಡನೇ ಮಹಾಯುದ್ಧದ ನಾರ್ಮಂಡಿ ದಾಳಿಯ ಕತೆ. 34 ಫಲಕ, 83 ಮೀಟರ್. ಬೇಯೂ ಬಟ್ಟೆಗಿಂತಲೂ ಉದ್ದ. ಸೈನಿಕರ ಚಿತ್ರಕ್ಕೆ ನಿಜವಾದ ಸಮವಸ್ತ್ರದ ಬಟ್ಟೆಯನ್ನೇ ಕತ್ತರಿಸಿ ಹೊಲಿದಿದ್ದಾರೆ. ಈಗ ಪೋರ್ಟ್ಸ್‌ಮತ್‌ನಲ್ಲಿದೆ. 1987ರಲ್ಲಿ ಶಾಲೆ ಹ್ಯಾಂಪ್ಟನ್ ಕೋರ್ಟ್ ಅರಮನೆಗೆ ಹೋಯಿತು, ಈಗಲೂ ಅಲ್ಲೇ ಇದೆ, ಪದವಿ ಕೋರ್ಸೂ ನಡೆಸುತ್ತದೆ. 2023ರಲ್ಲಿ ಮೂರನೇ ಚಾರ್ಲ್ಸ್ ಪಟ್ಟಾಭಿಷೇಕಕ್ಕೆ ಒಂದು ಮರೆಪರದೆ ಮಾಡಿತು. ಅದರ ಮೇಲೊಂದು ಮರ, ಕಾಮನ್‌ವೆಲ್ತ್ ದೇಶಗಳಿಗೆ ಒಂದೊಂದರಂತೆ 56 ಎಲೆ, ಎಲೆಯ ಮೇಲೆ ದೇಶದ ಹೆಸರು. ಭಾರತದ ಎಲೆಯೂ ಅದರಲ್ಲಿದೆ.

ನನಗೆ ಇವೆಲ್ಲಕ್ಕಿಂತ ಮುಖ್ಯ ಅನಿಸುವುದು ಶಾಲೆ 2021ರಲ್ಲಿ ಶುರು ಮಾಡಿದ ಸ್ಟಿಚ್ ಬ್ಯಾಂಕ್. ಪ್ರಪಂಚದ ಹೊಲಿಗೆಗಳನ್ನು ಒಂದೊಂದಾಗಿ ದಾಖಲು ಮಾಡಿ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುವ ಹಾಗೆ ಇಡುತ್ತಿದ್ದಾರೆ. ಹೊಲಿಗೆಯ ಇತಿಹಾಸ, ಹಾಕುವ ವಿಧಾನದ ಹಂತ ಹಂತದ ಚಿತ್ರ, ವಿಡಿಯೊ. ಪೆಸೆಲ್ ನೂರು ವರ್ಷದ ಹಿಂದೆ ಭೂತಗನ್ನಡಿ ಹಿಡಿದು ಮಾಡಿದ ಕೆಲಸದ ಮುಂದಿನ ಭಾಗ ಅದು.

ಗವಂತಿ, ಮುರಗಿ, ನೇಗಿ, ಮೆಂತಿ. ನಮ್ಮ ಕಸೂತಿಯ ಈ ನಾಲ್ಕು ಹೊಲಿಗೆಗೆ ಹಾಗೆ ಕನ್ನಡದಲ್ಲಿ, ಹಾಕುವವರ ಬಾಯಲ್ಲೇ, ದಾಖಲೆ ಮಾಡಬೇಕು ಅಂತ ನನ್ನ ಆಸೆ. ಇಲ್ಲಿ ಕಾಗದ, ಪೆನ್ಸಿಲ್ ಇಲ್ಲದೆ ಎಳೆ ಎಣಿಸಿಕೊಂಡೇ ಇಡೀ ಸೆರಗು ತುಂಬುವ ಅಜ್ಜಿಯರು ಕೂತಿದ್ದೀರಿ. ಮುಂದಿನ ಸಲ ನಾವು ಸೇರುವಾಗ ಮನೆಯಲ್ಲಿರುವ ಹಳೆಯ ಸೀರೆ, ಕುಪ್ಪಸ ಏನಿದ್ದರೂ ತನ್ನಿ. ಫೋನಿನಲ್ಲಿ ವಿಡಿಯೊ ಮಾಡಲು ನಿಮ್ಮ ಮೊಮ್ಮಕ್ಕಳನ್ನೂ ಕರೆತನ್ನಿ. ಬರುವ ಮೊದಲು ಆ ಸೀರೆಯ ಮೇಲಿನ ಕಸೂತಿ ಯಾರು ಹಾಕಿದ್ದು, ಯಾವ ಊರು, ಸುಮಾರು ಯಾವ ವರ್ಷ ಅಂತ ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿ ಬರೆದು ಜೊತೆಗಿಡಿ. ಕೂಲಿಗೆ ಹಾಕಿಸಿದ್ದಾದರೆ ಎಷ್ಟು ಕೊಟ್ಟರು ಅನ್ನುವುದನ್ನೂ ಬರೆಯಿರಿ.